ಫರ್ ಕೋಟು ಎಷ್ಟು ಉದ್ದ, ಎಷ್ಟು ಸಡಿಲ? ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಬಾಣಂತನಕ್ಕೆ ಕೆನಡಾಕ್ಕೆ ಹೊರಟ ಕುಮಟಾದ ಆಯಿ. ಓದಲು ಜರ್ಮನಿಗೆ ಹೊರಟ ಶಿರಸಿಯ ಹುಡುಗ. ರಜೆಯಲ್ಲಿ ಮನಾಲಿಗೆ ಹೊರಟ ಕಾರವಾರದ ಸಂಸಾರ. ಇಂಥವರೆಲ್ಲ ಟೈಲರ್ ಅಂಗಡಿಗೆ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ತುಪ್ಪಳದ ಕೋಟು ತಗೊಳ್ಳಬೇಕು, ಅಳತೆ ಹೇಗಿರಬೇಕು? ಬ್ಲೌಸಿನ ಅಳತೆ, ಪ್ಯಾಂಟಿನ ಅಳತೆ ನಮಗೆ ಬಾಯಿಪಾಠ. ಕೋಟಿನ ರೂಢಿ ನಮ್ಮ ಕಡೆ ಇಲ್ಲ. ದುಡ್ಡು ಕೊಟ್ಟು ತಂದ ಕೋಟು ಅಲ್ಲಿ ಹೋಗಿ ಗುಂಡಿ ಹಾಕಲು ಬಾರದಿದ್ದರೆ ಬೇಸರವಾಗುತ್ತದೆ. ಹಾಗಾಗಿ ಉತ್ತರಗಳನ್ನು ಬಿಡಿಸಿ ಬರೆದಿದ್ದೇನೆ.

ಮೊದಲು ಏನು ನೋಡಬೇಕು? ಉದ್ದವಾ, ಅಗಲವಾ?

ಮೊದಲು ಭುಜ ನೋಡಿ. ಕೋಟಿನ ಭಾರವೆಲ್ಲ ನಿಲ್ಲುವುದು ಅಲ್ಲೇ. ಮೊಣಕಾಲಿನ ಕೆಳಗೆ ಇಳಿಯುವ ಕೋಟು ಎರಡು ಮೂರು ಕೆಜಿ ತೂಗಬಹುದು. ಭುಜ ಬಿಗಿಯಾದರೆ ಸ್ವಲ್ಪ ಹೊತ್ತಿಗೇ ಕುತ್ತಿಗೆ ನೋಯುತ್ತದೆ. ತೀರಾ ಅಗಲವಾದರೆ ಕೋಟು ಹಿಂದಕ್ಕೆ ಜಾರುತ್ತದೆ, ಮುಂದಿನ ಅಂಚು ಗಂಟಲಿಗೆ ಒತ್ತುತ್ತದೆ.

ಭುಜದ ತುದಿಯ ಎಲುಬನ್ನು ಬೆರಳಿನಿಂದ ಮುಟ್ಟಿ ನೋಡಿ. ತೋಳಿನ ಹೊಲಿಗೆ ಅದಕ್ಕಿಂತ ಒಂದು ಬೆರಳು ಹೊರಗಿರಲಿ. ಒಳಗೆ ಸ್ವೆಟರ್ ಬಂದಾಗ ಅದು ಸರಿಯಾಗಿ ಕೂರುತ್ತದೆ. ಕೆಲವು ಕೋಟುಗಳಲ್ಲಿ ಹೊಲಿಗೆಯನ್ನೇ ತೋಳಿನ ಮೇಲೆ ಇಳಿಸಿರುತ್ತಾರೆ. ಅಂಥದ್ದಾದರೆ ಎರಡೂ ಕೈ ಮುಂದೆ ಚಾಚಿ, ಬೆನ್ನು ಎಳೆಯುತ್ತದಾ ಎಂದು ನೋಡಿ.

ಭುಜಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಉದ್ದ ಜಾಸ್ತಿಯಾದರೆ ಕಡಿಮೆ ಮಾಡಬಹುದು. ಹುಕ್ಕನ್ನು ಆಚೆ ಈಚೆ ಸರಿಸಬಹುದು. ಭುಜ ಸರಿಮಾಡಬೇಕೆಂದರೆ ತೋಳು, ಕಾಲರ್, ಲೈನಿಂಗ್ ಮೂರನ್ನೂ ಬಿಚ್ಚಬೇಕು. ಅದು ಹೊಸ ಕೋಟು ಹೊಲಿದಷ್ಟೇ ಕೆಲಸ.

ನಾನು ಯಾವಾಗಲೂ ಎಂ ಸೈಜು. ಕೋಟೂ ಎಂ ತಗೊಂಡರೆ ಆಯ್ತಲ್ವಾ?

ನಮ್ಮ ಕರಾವಳಿಯವರು ಮೋಸ ಹೋಗುವುದು ಇಲ್ಲೇ. ಕಾರವಾರದಲ್ಲಿ ಡಿಸೆಂಬರ್ ಮಧ್ಯಾಹ್ನವೂ ಬಿಸಿಲು 30 ಡಿಗ್ರಿ ದಾಟುತ್ತದೆ. ತೆಳು ಕಾಟನ್ ಚೂಡಿದಾರದ ಮೇಲೆ ಕೋಟು ಹಾಕಿ ನೋಡುತ್ತೇವೆ. ಬೆವರು ಇಳಿಯಲು ಶುರುವಾಗುತ್ತದೆ. ಬೇಗ ಬಿಚ್ಚಿ, ಸರಿಯಾಗಿದೆ ಪ್ಯಾಕ್ ಮಾಡಿ ಎನ್ನುತ್ತೇವೆ. ಅದೇ ಕೋಟನ್ನು ಜನವರಿಯ ಟೊರೊಂಟೊದಲ್ಲಿ ಹಾಕುವಾಗ ಒಳಗೆ ಥರ್ಮಲ್ ಎಂಬ ಬೆಚ್ಚನೆಯ ಒಳಉಡುಪು ಇರುತ್ತದೆ, ಅದರ ಮೇಲೆ ಕುರ್ತಾ, ಅದರ ಮೇಲೆ ದಪ್ಪ ಉಣ್ಣೆಯ ಸ್ವೆಟರ್. ಇಲ್ಲಿ ಚೆಂದ ಕೂತ ಕೋಟು ಅಲ್ಲಿ ಕಂಕುಳಲ್ಲಿ ಕಚ್ಚುತ್ತದೆ.

ಕೋಟು ಕೊಳ್ಳಲು ಹೋಗುವಾಗ ಅಲ್ಲಿ ಹಾಕುವ ಸ್ವೆಟರನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಎಷ್ಟೇ ಸೆಕೆಯಾದರೂ ಅದನ್ನು ಹಾಕಿಕೊಂಡೇ ಟ್ರಯಲ್ ನೋಡಿ. ಫ್ಯಾನಿನ ಕೆಳಗೆ ನಿಂತು ನೋಡಿ, ತೊಂದರೆ ಇಲ್ಲ. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ.

ಸಡಿಲ ಬೇಕು ಎನ್ನುವುದು ಬರೀ ಆರಾಮಕ್ಕಲ್ಲ. ಮೈಯನ್ನು ಬೆಚ್ಚಗಿಡುವುದು ಬಟ್ಟೆಗಳ ನಡುವೆ ಮತ್ತು ತುಪ್ಪಳದ ಕೂದಲ ನಡುವೆ ನಿಂತ ಗಾಳಿ. ಬಿಗಿ ಕೋಟು ಆ ಗಾಳಿಯನ್ನು ಹೊರಗೆ ದಬ್ಬುತ್ತದೆ. ಕಾಶ್ಮೀರದವರ ಫೆರನ್ ಎಂಬ ನಿಲುವಂಗಿ ನೋಡಿದ್ದೀರಲ್ಲ? ಕೆಂಡ ತುಂಬಿದ ಕಾಂಗ್ರಿ ಎಂಬ ಅಗ್ಗಿಷ್ಟಿಕೆ ಬುಟ್ಟಿಯನ್ನು ಒಳಗೆ ಹಿಡಿದುಕೊಂಡು ನಡೆಯುವಷ್ಟು ಸಡಿಲ. ಚಳಿಯಲ್ಲೇ ಹುಟ್ಟಿ ಬೆಳೆದವರು ಅಷ್ಟು ಸಡಿಲವಾಗಿ ಹೊಲಿಸುತ್ತಾರೆ ಎಂದರೆ ಅದಕ್ಕೆ ಅರ್ಥ ಇದೆ. ಹಾಗಂತ ಎರಡು ಸೈಜು ದೊಡ್ಡದು ತಗೊಳ್ಳಬೇಡಿ. ಕೆಳಗಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ.

ಅಳತೆ ಹೇಗೆ ತೆಗೆಯಬೇಕು?

ಸ್ವೆಟರ್ ಹಾಕಿಕೊಂಡು ನಿಂತು, ಬೇರೆಯವರ ಕೈಯಲ್ಲಿ ಅಳತೆ ತೆಗೆಸಿ. ಎದೆಯ ಸುತ್ತಳತೆ, ಸೊಂಟದ ಕೆಳಗೆ ಅತಿ ಅಗಲವಾದ ಜಾಗದ ಸುತ್ತಳತೆ, ಬೆನ್ನಿನ ಮೇಲೆ ಭುಜದಿಂದ ಭುಜಕ್ಕೆ, ತೋಳು, ಆಮೇಲೆ ಉದ್ದ. ಉದ್ದವನ್ನು ಕುತ್ತಿಗೆಯ ಹಿಂದೆ ಉಬ್ಬಿದ ಎಲುಬಿನಿಂದ ಹಿಡಿಯಬೇಕು. ನಮ್ಮಲ್ಲಿ ಶರ್ಟಿಗೆ ಹಿಡಿದ ಹಾಗೆ ಭುಜದಿಂದ ಹಿಡಿದರೆ ಲೆಕ್ಕ ತಪ್ಪುತ್ತದೆ.

ತೋಳಿನ ಅಳತೆಗೆ ಕೈ ನೇರ ಇಳಿಬಿಡಬೇಡಿ. ಮೊಣಕೈ ಸ್ವಲ್ಪ ಮಡಚಿ. ಭುಜದ ತುದಿಯಿಂದ ಮೊಣಕೈ ಮೇಲೆ ಹಾದು ಮಣಿಕಟ್ಟಿನ ಎಲುಬು ದಾಟಿ ಒಂದು ಇಂಚು ಬರಲಿ.

ಸ್ವೆಟರ್ ಮೇಲಿನ ಎದೆ ಅಳತೆಗಿಂತ ಕೋಟಿನ ಒಳಸುತ್ತು ಸುಮಾರು 4 ಇಂಚು ಜಾಸ್ತಿ ಇರಬೇಕು. ಒಳಸುತ್ತು ಎಂದಿದ್ದನ್ನು ಗಮನಿಸಿ. ಫರ್ ಕೋಟನ್ನು ಹೊರಗಿನಿಂದ ಅಳೆದರೆ ಕೂದಲಿನ ದಪ್ಪವೂ ಸೇರುತ್ತದೆ. ನರಿಯ ತುಪ್ಪಳದಂಥ ಉದ್ದ ಕೂದಲಾದರೆ ಹೊರಗೆ ದೊಡ್ಡದಾಗಿ ಕಾಣುವ ಕೋಟು ಒಳಗೆ ಇಕ್ಕಟ್ಟಾಗಿರುತ್ತದೆ. ಕೋಟನ್ನು ತಿರುವಿ, ಲೈನಿಂಗ್ ಮೇಲೆ ಟೇಪು ಇಡಿ.

ಯಾವ ಯಾವ ಉದ್ದ ಇರುತ್ತದೆ? ನಮಗೆ ಯಾವುದು ಸರಿ?

5 ಅಡಿ 2 ಇಂಚು ಎತ್ತರದ ಹೆಂಗಸನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಕುಂಡೆ ಮುಚ್ಚುವ ಗಿಡ್ಡ ಕೋಟು ಸುಮಾರು 28ರಿಂದ 30 ಇಂಚು. ಮೊಣಕಾಲು ಮುಚ್ಚುವುದಕ್ಕೆ ಸುಮಾರು 37. ಮೀನಖಂಡದ ನಡುವೆ ನಿಲ್ಲುವುದಕ್ಕೆ 41, 42. ಕಾಲಿನ ಹರಡಿನವರೆಗೆ ಬೇಕೆಂದರೆ 48ರ ಆಸುಪಾಸು. ಎತ್ತರ ಜಾಸ್ತಿಯಾದ ಹಾಗೆ ಇವೂ ಏರುತ್ತವೆ.

ಕಾರು ಓಡಿಸುವವರು, ದಿನಾ ಬಸ್ಸು ಮೆಟ್ರೋ ಹತ್ತಿ ಇಳಿಯುವವರು ಮೊಣಕಾಲಿನ ಮೇಲೇ ನಿಲ್ಲಿಸಿ. ಉದ್ದ ಕೋಟಿನ ಮೇಲೆ ಕೂತೇ ಕೂತು ಹಿಂಬದಿಯ ತುಪ್ಪಳ ಸವೆಯುತ್ತದೆ. ಮೆಟ್ಟಿಲು ಹತ್ತುವಾಗ ಅಂಚು ಕಾಲಿಗೆ ಸಿಗುತ್ತದೆ. ಬಸ್ ಸ್ಟಾಪಿನಲ್ಲಿ ಗಾಳಿಗೆ ನಿಂತು ಕಾಯುವವರಿಗೆ ಮಾತ್ರ ಉದ್ದದ್ದೇ ಸುಖ, ತೊಡೆಗೆ ಚಳಿ ಹೊಡೆಯುವುದಿಲ್ಲ. ಹರಡಿನವರೆಗೆ ಬರುವ ಕೋಟು ಚೆಂದವೇನೋ ಹೌದು. ಆದರೆ ಕರಗಿದ ಹಿಮ, ಉಪ್ಪು ಬೆರೆತ ಕೆಸರು ತುಂಬಿದ ರಸ್ತೆಯಲ್ಲಿ ಅದನ್ನು ಎತ್ತಿ ಹಿಡಿದುಕೊಂಡೇ ನಡೆಯಬೇಕು. ಮೊದಲ ಕೋಟಿಗೆ ನನ್ನ ಸಲಹೆ: ಮೊಣಕಾಲಿನ ಆಚೆ ಈಚೆ ಎರಡು ಇಂಚು.

ಕೋಟು ಎಲ್ಲಿ ಮುಗಿಯುತ್ತದೋ ನೋಡುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಮೀನಖಂಡದ ಅತಿ ದಪ್ಪ ಜಾಗದಲ್ಲಿ ಮುಗಿದರೆ ಕಾಲು ಗಿಡ್ಡ ಕಾಣುತ್ತದೆ. ಎರಡು ಇಂಚು ಮೇಲೆ ಹೋಗಲಿ ಅಥವಾ ಕೆಳಗೆ ಬರಲಿ.

ಆಯಿಗೆ ಚೂಡಿದಾರ, ಪ್ಯಾಂಟು ರೂಢಿ ಇಲ್ಲ. ಸೀರೆ ಮೇಲೇ ಹಾಕುತ್ತಾರೆ. ಯಾವ ಉದ್ದ ತಗೊಳ್ಳಲಿ?

ಈ ಪ್ರಶ್ನೆಗೆ ಅಂಗಡಿಯಲ್ಲಿ ಸರಿಯಾದ ಉತ್ತರ ಸಿಗುವುದು ಕಷ್ಟ. ಈ ಕೋಟುಗಳನ್ನು ಸೀರೆ ಉಡುವವರನ್ನು ನೆನೆದು ಕತ್ತರಿಸಿರುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಗಿಡ್ಡ ಕೋಟು ಸೀರೆಗೆ ಆಗುವುದಿಲ್ಲ. ನೆರಿಗೆಯ ಹತ್ತಿರ ಕೋಟು ಮುಂದಕ್ಕೆ ಎದ್ದು ನಿಲ್ಲುತ್ತದೆ, ಕೆಳಗಿನ ಸೀರೆಯೆಲ್ಲ ಗಾಳಿಗೆ ಹಾರುತ್ತದೆ. ಮೀನಖಂಡದ ನಡುವಿಗೆ ಬರುವ ಕೋಟು ತಗೊಳ್ಳಿ. ಕೆಳಗೆ ಒಂದು ಗೇಣು ಸೀರೆ ಕಂಡರೆ ಸಾಕು. ಸೀರೆಯನ್ನೂ ಮನೆಯಲ್ಲಿ ಉಡುವುದಕ್ಕಿಂತ ನಾಲ್ಕು ಬೆರಳು ಮೇಲೆ ಎತ್ತಿ ಉಡಬೇಕು. ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಇರುವುದರಿಂದ ಸಂಕೋಚ ಪಡಬೇಕಿಲ್ಲ. ನೆಲ ಗುಡಿಸುವ ಸೀರೆ ಹಿಮದ ನೀರನ್ನು ಹೀರಿ ಮೊಣಕಾಲಿನವರೆಗೆ ಒದ್ದೆಯಾಗುತ್ತದೆ. ಆಗ ಎಂಥ ಕೋಟು ಇದ್ದರೂ ಚಳಿ ತಡೆಯುವುದಿಲ್ಲ.

ನೆರಿಗೆಯಿಂದ ಸೊಂಟದ ಮುಂಭಾಗ ಎರಡು ಮೂರು ಇಂಚು ದಪ್ಪವಾಗುತ್ತದೆ. ಅದಕ್ಕೇ ಸೊಂಟದಲ್ಲಿ ಹಿಡಿದ, ಬೆಲ್ಟು ಕಟ್ಟುವ ಕೋಟು ಬೇಡ. ಭುಜದಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಅಗಲವಾಗುತ್ತ ಹೋಗುವ ಕತ್ತರಿಕೆ ಸೀರೆಗೆ ಒಪ್ಪುತ್ತದೆ. ಕೆಳಗಿನ ಘೇರು ಸಾಕಷ್ಟಿದೆಯಾ ಎಂದು ನೋಡಲು ಆಯಿಯನ್ನು ಸೀರೆ ಉಡಿಸಿಯೇ ಕೂರಿಸಿ. ಕೂತಾಗ ಮುಂದಿನ ಎರಡು ಅಂಚು ಬೇರೆಯಾಗಿ ತೆರೆದುಕೊಂಡರೆ ಘೇರು ಸಾಲದು.

ಇನ್ನು ಸೆರಗು. ಸೆರಗನ್ನು ನೆರಿಗೆ ಹಿಡಿದು ಪಿನ್ ಹಾಕಿದರೆ ಎಡ ಭುಜದ ಮೇಲೆ ದಪ್ಪ ಪದರ ಕೂರುತ್ತದೆ. ಕೋಟು ಒಂದು ಬದಿ ಎತ್ತರವಾಗಿ ಓರೆ ಕಾಣುತ್ತದೆ. ಹೊರಗೆ ಹೋಗುವಾಗ ಸೆರಗನ್ನು ಒಂದೇ ಪದರವಾಗಿ ಹರಡಿ, ಹಿಂದಿನಿಂದ ತಂದು ಸೊಂಟಕ್ಕೆ ಸಿಕ್ಕಿಸಿ. ಸ್ವೆಟರನ್ನು ಸೆರಗಿನ ಮೇಲೆ ಹಾಕಿದರೆ ಎಲ್ಲ ಅಲ್ಲೇ ಕೂರುತ್ತದೆ. ಲೈನಿಂಗ್ ಸ್ಯಾಟಿನ್ ಆಗಿರಲಿ. ಕಾಟನ್ ಲೈನಿಂಗ್ ಸೀರೆಯನ್ನು ಹಿಡಿದು ಎಳೆಯುತ್ತದೆ.

ವಯಸ್ಸಾದವರಿಗೆ ತೂಕವನ್ನೂ ನೋಡಿ. ಉದ್ದ ಮತ್ತು ಹಗುರ ಎರಡೂ ಬೇಕೆಂದರೆ ಗಿಡ್ಡ ಕೂದಲಿನ ಕೃತಕ ಫರ್ ಒಳ್ಳೆಯದು. ಮೊಣಕಾಲು ನೋವಿರುವವರಿಗೆ ಮೂರು ಕೆಜಿ ಕೋಟು ಹೊರಿಸಬೇಡಿ.

ನಾನು ಗಿಡ್ಡ, ಸ್ವಲ್ಪ ದಪ್ಪ. ಫರ್ ಹಾಕಿದರೆ ಇನ್ನೂ ದಪ್ಪ ಕಾಣುತ್ತೇನಾ?

ಉದ್ದ ಕೂದಲಿನ ಫರ್ ಯಾರನ್ನಾದರೂ ದಪ್ಪ ತೋರಿಸುತ್ತದೆ. ಗಿಡ್ಡ ಕೂದಲಿನದ್ದು, ಕೂದಲು ಕೆಳಮುಖವಾಗಿ ಮಲಗಿದ್ದು ತಗೊಳ್ಳಿ. ಅಡ್ಡ ಪಟ್ಟಿ ಬೇಡ. ಕಾಲರ್ ಸಣ್ಣದಿರಲಿ, ಕುತ್ತಿಗೆ ಕಾಣಲಿ. ಹೊಟ್ಟೆ ಮುಚ್ಚಲೆಂದು ಚೀಲದ ಹಾಗಿನ ಕೋಟು ಆರಿಸುವವರೇ ಜಾಸ್ತಿ. ಭುಜ ಸರಿಯಾಗಿ ಕೂತ ಕೋಟೇ ಅದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಹುಕ್ಕು ಒಳ್ಳೆಯದಾ, ಗುಂಡಿನಾ, ಜಿಪ್ಪಾ?

ನಿಜವಾದ ತುಪ್ಪಳದ ಕೋಟಿಗೆ ಹುಕ್ಕು ಕೊಂಡಿಯೇ ಹೆಚ್ಚು. ಚರ್ಮಕ್ಕೆ ಗುಂಡಿತೂತು ಕೊಯ್ದರೆ ಅಲ್ಲಿಂದ ಹರಿಯುವ ಭಯ. ಹುಕ್ಕು ಹಾಕಿದಾಗ ಮುಂದಿನ ಒಂದು ಅಂಚು ಇನ್ನೊಂದರ ಮೇಲೆ ಮೂರು ನಾಲ್ಕು ಇಂಚು ಬರಬೇಕು. ಬರೀ ಅಂಚಿಗೆ ಅಂಚು ತಾಗಿದರೆ ಗಾಳಿ ನುಗ್ಗುತ್ತದೆ. ಗಾಳಿ ಜೋರಿರುವ ಊರಾದರೆ ಒಳಗೆ ಜಿಪ್ ಇರುವುದೇ ಮೇಲು.

ಕನ್ನಡಿ ಮುಂದೆ ಸರಿ ಕಂಡಿತು. ಇನ್ನೇನು ನೋಡಬೇಕು?

ಕನ್ನಡಿ ಮುಂದೆ ನಾವು ನೆಟ್ಟಗೆ ನಿಂತಿರುತ್ತೇವೆ. ದಿನವಿಡೀ ಹಾಗೆ ನಿಲ್ಲುವುದಿಲ್ಲ. ಹುಕ್ಕುಗಳನ್ನೆಲ್ಲ ಹಾಕಿ. ಬಸ್ಸಿನ ಸರಳು ಹಿಡಿದ ಹಾಗೆ ಕೈ ಎತ್ತಿ. ಇಡೀ ಕೋಟು ಮೇಲೆ ಬಂದರೆ ಕಂಕುಳ ಕತ್ತರಿಕೆ ಕೆಳಗಿದೆ ಎಂದರ್ಥ. ಎರಡೂ ಕೈಯಿಂದ ನಿಮ್ಮನ್ನು ನೀವೇ ತಬ್ಬಿಕೊಳ್ಳಿ, ಬೆನ್ನಿನ ಹೊಲಿಗೆ ಎಳೆಯಬಾರದು. ಕುರ್ಚಿಯಲ್ಲಿ ಕೂರಿ. ಬಗ್ಗಿ ಬೂಟಿನ ದಾರ ಮುಟ್ಟಿ. ಹೆಗಲಿಗೆ ಬ್ಯಾಗು ಹಾಕಿ. ದಿನಾ ಬ್ಯಾಗಿನ ಪಟ್ಟಿ ತಿಕ್ಕುವ ಜಾಗದಲ್ಲಿ ಫರ್ ಬೇಗ ಬೋಳಾಗುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿಯುವ ಚೀಲ ಒಳ್ಳೆಯದು.

ಆನ್‌ಲೈನಿನಲ್ಲಿ ತರಿಸಬಹುದಾ?

ತರಿಸಬಹುದು. ವಾಪಸ್ ತಗೊಳ್ಳುತ್ತಾರಾ ಎಂದು ಮೊದಲು ನೋಡಿ. ಅಕ್ಷರದ ಸೈಜನ್ನು ನಂಬಬೇಡಿ. ಯುರೋಪಿನ ಹೆಂಗಸರ 40, ಬ್ರಿಟನ್ನಿನ 12, ಅಮೆರಿಕದ 8 ಇವೆಲ್ಲ ಸಾಮಾನ್ಯವಾಗಿ ಒಂದೇ ಮೈಯ ಅಳತೆ. ಸೆಂಟಿಮೀಟರ್ ಪಟ್ಟಿ ಇದ್ದರೆ ಅದನ್ನೇ ಹಿಡಿಯಿರಿ, 2.54ರಿಂದ ಭಾಗಿಸಿದರೆ ಇಂಚು ಸಿಗುತ್ತದೆ. ಆ ಪಟ್ಟಿ ಮೈಯ ಅಳತೆಯದಾ, ಕೋಟಿನ ಅಳತೆಯದಾ ಎಂದು ಕೇಳಿ ತಿಳಿದುಕೊಳ್ಳಿ. ಇದೊಂದನ್ನು ಕೇಳದೆ ದುಡ್ಡು ಕಟ್ಟಬೇಡಿ. ಚಿತ್ರದಲ್ಲಿರುವ ಹುಡುಗಿಯ ಎತ್ತರ ಬರೆದಿದ್ದರೆ ಅದನ್ನೂ ನೋಡಿ. 5 ಅಡಿ 9 ಇಂಚಿನವಳಿಗೆ ಮೊಣಕಾಲಿಗೆ ಬರುವ ಕೋಟು ನಮ್ಮ ಹುಡುಗಿಯರಿಗೆ ಮೀನಖಂಡಕ್ಕೆ ಬರುತ್ತದೆ.

ನಿಜವಾದ ಫರ್ ತಗೊಳ್ಳಬಹುದಾ? ಕಾನೂನು ತೊಂದರೆ ಇದೆಯಾ?

ಕುರಿ ಚರ್ಮ, ಸಾಕಿದ ಮೊಲದ ಚರ್ಮದ ಕೋಟಿಗೆ ತೊಂದರೆ ಇಲ್ಲ. ಕಾಡುಪ್ರಾಣಿಯದ್ದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಚಿರತೆ, ನೀರುನಾಯಿಯಂಥ ಪ್ರಾಣಿಗಳ ಚರ್ಮ ಮಾರುವುದೂ ಕೊಳ್ಳುವುದೂ ಅಪರಾಧ. ಮಿಂಕ್, ನರಿ, ಚಿಂಚಿಲಾ ಚರ್ಮದ ಆಮದನ್ನು ಭಾರತ 2017ರ ಜನವರಿಯಲ್ಲಿ ನಿಲ್ಲಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಫರ್ ಬಟ್ಟೆ ಮಾರಾಟಕ್ಕೆ 2023ರಿಂದ ನಿಷೇಧವಿದೆ. ಯಾವ ಪ್ರಾಣಿಯದೆಂದು ಗೊತ್ತಿಲ್ಲದ ಹಳೇ ಕೋಟನ್ನು ವಿಮಾನದಲ್ಲಿ ಒಯ್ಯಲೇಬೇಡಿ.

ನನ್ನ ಒಲವು ಕೃತಕ ಫರಿನ ಕಡೆಗೆ. ಪ್ರಾಣಿಗಳನ್ನು ಪಂಜರದಲ್ಲಿ ಸಾಕಿ ಕೊಂದು ಮಾಡಿದ ಕೋಟು ನಮಗೆ ಬೇಕಿಲ್ಲ. ಕೃತಕ ಫರಿನಲ್ಲಿ ಹೆಣಿಗೆಯ ಸಂದಿನಿಂದ ಗಾಳಿ ನುಗ್ಗುತ್ತದೆ, ಅದು ನಿಜ. ದಪ್ಪ ಹತ್ತಿ ತುಂಬಿದ ಒಳಪದರ ಇರುವುದನ್ನು ಆರಿಸಿ, ಅದಕ್ಕೆ ತಕ್ಕ ಹಾಗೆ ಒಂದು ಇಂಚು ಸಡಿಲ ಜಾಸ್ತಿ ಇಟ್ಟುಕೊಳ್ಳಿ.

ಯಾವುದು ಯಾವುದೆಂದು ತಿಳಿಯಲು ಕೂದಲನ್ನು ಬೈತಲೆ ತೆಗೆದ ಹಾಗೆ ಬಿಡಿಸಿ. ಬುಡದಲ್ಲಿ ಚರ್ಮ ಕಂಡರೆ ನಿಜ, ಹೆಣೆದ ಬಟ್ಟೆ ಕಂಡರೆ ಕೃತಕ. ಉದುರಿದ ಒಂದು ಎಳೆಗೆ ದೂರದಲ್ಲಿ ಬೆಂಕಿ ಹಿಡಿದರೆ ನಿಜವಾದದ್ದು ಕೂದಲು ಸುಟ್ಟ ವಾಸನೆ ಬರುತ್ತದೆ. ಕೃತಕ ಕರಗಿ ಗಟ್ಟಿ ಉಂಡೆಯಾಗುತ್ತದೆ.

ಉದ್ದ ಜಾಸ್ತಿಯಾದರೆ ನಮ್ಮೂರಿನ ಟೈಲರ್ ಕಡಿಮೆ ಮಾಡಿಕೊಡುತ್ತಾರಾ?

ಕೃತಕ ಫರ್ ಆದರೆ ಖಂಡಿತ. ಒಂದಿಷ್ಟು ವಿಷಯ ಅವರಿಗೆ ಹೇಳಿ. ಮೇಲಿನಿಂದ ಕತ್ತರಿ ಹಾಕಬಾರದು. ಹಿಂಬದಿಗೆ ಗುರುತು ಹಾಕಿ, ಬ್ಲೇಡಿನಿಂದ ಹಿಂಬದಿಯ ಬಟ್ಟೆಯನ್ನಷ್ಟೇ ಕೊಯ್ಯಬೇಕು. ಕತ್ತರಿಯಲ್ಲಿ ಕತ್ತರಿಸಿದರೆ ಕೂದಲೂ ತುಂಡಾಗಿ ಅಂಚು ಹೇರ್‌ಕಟ್ ಮಾಡಿದ ಹಾಗೆ ಕಾಣುತ್ತದೆ. 16 ಅಥವಾ 18 ನಂಬರಿನ ಸೂಜಿ, ಉದ್ದ ಹೊಲಿಗೆ. ಹೊಲಿದ ಮೇಲೆ ಹೊಲಿಗೆಯಲ್ಲಿ ಸಿಕ್ಕಿದ ಕೂದಲನ್ನು ಸೂಜಿಯಿಂದ ಹೊರಗೆ ಎಳೆಯಬೇಕು, ಆಗ ಹೊಲಿಗೆ ಮಾಯವಾಗುತ್ತದೆ. ಇಸ್ತ್ರಿ ಮಾತ್ರ ತೋರಿಸಲೇಬಾರದು, ಕರಗುತ್ತದೆ.

ನಿಜವಾದ ತುಪ್ಪಳವನ್ನು ನಮ್ಮ ಹೊಲಿಗೆ ಯಂತ್ರದಲ್ಲಿ ಹೊಲಿಯಲು ಹೋಗಬೇಡಿ. ಚರ್ಮದ ಎರಡು ಅಂಚನ್ನು ಸೇರಿಸಿ ಹೊಲಿಯುವ ಯಂತ್ರವೇ ಬೇರೆ. ಗಿಡ್ಡವಾದ ಕೋಟನ್ನು ಉದ್ದ ಮಾಡುವುದಂತೂ ಆಗದ ಮಾತು.

ಮುಂಡಗೋಡದ ಟಿಬೆಟಿಯನ್ನರ ಹತ್ತಿರ ಕೇಳಿದರೆ ಹೇಗೆ?

ಒಳ್ಳೆಯ ಯೋಚನೆ. 1966ರಲ್ಲಿ ಶುರುವಾದ ಆ ಕಾಲೊನಿಯ ಹಿರಿಯರಿಗೆ ಚಳಿಯ ಬಟ್ಟೆಯ ತಿಳಿವಳಿಕೆ ಪರಂಪರೆಯಿಂದಲೇ ಬಂದದ್ದು. ಸ್ವೆಟರ್, ಜಾಕೆಟ್ ವ್ಯಾಪಾರವೂ ಟಿಬೆಟಿಯನ್ನರಿಗೆ ಹಳೆಯದು. ಅವರ ಚುಬಾ ಎಂಬ ನಿಲುವಂಗಿಯ ಕತ್ತರಿಕೆಯಿಂದ ಕಲಿಯುವುದು ಬಹಳ ಇದೆ. ಟಿಬೆಟಿನ ಎತ್ತರದ ಬಯಲಿನಲ್ಲಿ ಅದನ್ನು ಕುರಿ ಚರ್ಮದಲ್ಲಿ, ತುಪ್ಪಳ ಒಳಗೆ ಬರುವ ಹಾಗೆ ಮಾಡುತ್ತಾರೆ. ಹೊಲಿಯುವಾಗ ಮೈಗಿಂತ ಉದ್ದವೇ. ಗಂಡಸರು ಅದನ್ನು ಮೇಲೆತ್ತಿ ಸೊಂಟಪಟ್ಟಿ ಕಟ್ಟುತ್ತಾರೆ. ನಡೆಯುವಾಗ ಮೊಣಕಾಲಿನವರೆಗೆ, ಮಲಗುವಾಗ ಪಟ್ಟಿ ಬಿಚ್ಚಿದರೆ ಪಾದದವರೆಗೆ. ಮೇಲೆತ್ತಿದ ಭಾಗ ಎದೆಯ ಹತ್ತಿರ ಜೋಳಿಗೆಯಾಗುತ್ತದೆ. ತೋಳು ಬೆರಳು ದಾಟಿ ಇಳಿಯುತ್ತದೆ, ಕೈಗವಸು ಬೇಕಾಗುವುದಿಲ್ಲ. ಒಂದೇ ಬಟ್ಟೆಯಲ್ಲಿ ಎರಡು ಉದ್ದ! ಎಷ್ಟು ಜಾಣ ಕತ್ತರಿಕೆ ನೋಡಿ.

ಮನಾಲಿಯಲ್ಲಿ ಬಾಡಿಗೆಗೆ ಸಿಗುತ್ತದಂತೆ. ಕೊಳ್ಳಬೇಕಾ?

ಎರಡು ದಿನದ ಹಿಮ ನೋಡಲು ಕೊಳ್ಳಬೇಡಿ. ಮನಾಲಿಯಿಂದ ರೋಹ್ತಾಂಗ್ ಕಣಿವೆದಾರಿಗೆ ಹೋಗುವ ರಸ್ತೆಯ ಅಂಗಡಿಗಳಲ್ಲಿ ಫರ್ ಕೋಟು, ಬೂಟು ಬಾಡಿಗೆಗೆ ಕೊಡುತ್ತಾರೆ. ರೋಹ್ತಾಂಗ್ ಸುಮಾರು 3,980 ಮೀಟರ್ ಎತ್ತರ, ಮೇ ತಿಂಗಳಲ್ಲೂ ಹಿಮ ಇರುತ್ತದೆ. ಬಾಡಿಗೆ ಕೋಟಿನಲ್ಲಿ ಚೆಂದ ನೋಡಬೇಡಿ. ಮಣಿಕಟ್ಟು ಬಿಗಿಯಾಗಿದೆಯಾ, ಜಿಪ್ ಮೇಲಿನವರೆಗೆ ಬರುತ್ತದಾ, ಒಳಗೆ ಒಣಗಿದೆಯಾ, ಇಷ್ಟು ನೋಡಿ. ಹಿಮದಲ್ಲಿ ಜಾರಿ ಆಡುವವರಿಗೆ ಗಿಡ್ಡ ಕೋಟು ಮತ್ತು ಪ್ಯಾಂಟು, ಸುಮ್ನೆ ನಿಂತು ನೋಡುವವರಿಗೆ ಉದ್ದದ್ದು.

ಮಕ್ಕಳಿಗೆ ಎರಡು ವರ್ಷ ಬರಲಿ ಎಂದು ದೊಡ್ಡದು ತಗೊಳ್ಳಬಹುದಾ?

ತೋಳು ಒಂದೂವರೆ ಇಂಚು ಜಾಸ್ತಿ ಇದ್ದರೆ ಮಡಚಬಹುದು, ಅದಕ್ಕಿಂತ ಹೆಚ್ಚು ಬೇಡ. ಉದ್ದ ಮೊಣಕಾಲಿನ ಕೆಳಗೆ ಹೋಗಬಾರದು, ಓಡುವಾಗ ಎಡವುತ್ತಾರೆ. ಇನ್ನೊಂದು ಮುಖ್ಯ ಮಾತು. ವಿದೇಶದಲ್ಲಿ ಕಾರಿನಲ್ಲಿ ಮಕ್ಕಳ ಸೀಟಿಗೆ ಕಟ್ಟುವಾಗ ದಪ್ಪ ಕೋಟು ಬಿಚ್ಚಬೇಕು. ಕೋಟಿನ ಮೇಲೆ ಪಟ್ಟಿ ಕಟ್ಟಿದರೆ ಬಿಗಿಯಾದ ಹಾಗೆ ಕಾಣುತ್ತದೆ, ಡಿಕ್ಕಿಯಾದಾಗ ಕೋಟು ಒತ್ತಿಹೋಗಿ ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ಕಟ್ಟಿದ ಮೇಲೆ ಕೋಟನ್ನು ಹೊದಿಸಿ.

ಊರಿಗೆ ತಂದ ಕೋಟು ಮಳೆಗಾಲದಲ್ಲಿ ಹಾಳಾಗದ ಹಾಗೆ ಹೇಗೆ ಇಡುವುದು?

ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಜೂನಿನಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ತುಪ್ಪಳ ಕಾಯುವ ಶೀತಲ ಕೋಣೆಗಳಲ್ಲಿ ಸುಮಾರು 10 ಡಿಗ್ರಿ, ಶೇಕಡಾ 50ರಷ್ಟು ತೇವ ಇಟ್ಟಿರುತ್ತಾರೆ. ನಮ್ಮ ಮನೆಗಳಲ್ಲಿ ಅದು ಸಾಧ್ಯವಿಲ್ಲ. ನಿಜವಾದ ಫರ್ ಆದರೆ ಕರಾವಳಿಗೆ ತರದೆ ಮಗಳ ಮನೆಯಲ್ಲೇ ಬಿಟ್ಟು ಬನ್ನಿ.

ಕೃತಕ ಫರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಹಳೇ ಕಾಟನ್ ಸೀರೆಯಲ್ಲಿ ಚೀಲ ಹೊಲಿದು, ಅಗಲ ಹ್ಯಾಂಗರಿಗೆ ಹಾಕಿ, ಗೋಡೆಗೆ ತಾಗದ ಕಪಾಟಿನಲ್ಲಿ ತೂಗಿಬಿಡಿ. ತಂತಿಯ ಹ್ಯಾಂಗರ್ ಬೇಡ, ಭುಜದಲ್ಲಿ ಗುಬುಟು ಬೀಳುತ್ತದೆ. ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಮಳೆ ಬಿಟ್ಟ ದಿನ ಹೊರತೆಗೆದು, ನೆರಳಲ್ಲಿ ಗಾಳಿಗೆ ಹಾಕಿ ಕೊಡವಿ.

ಇಲ್ಲೇ ಕೊಳ್ಳುವುದಾ, ಅಲ್ಲಿ ಹೋಗಿ ಕೊಳ್ಳುವುದಾ?

ಅಲ್ಲಿ ಮಕ್ಕಳೋ ನೆಂಟರೋ ಇದ್ದರೆ ಅಲ್ಲೇ ಕೊಳ್ಳಿ. ಅಲ್ಲಿನ ಚಳಿಗೆ ತಕ್ಕ ಬಟ್ಟೆ ಅಲ್ಲೇ ಚೆನ್ನಾಗಿ ಸಿಗುತ್ತದೆ, ಬ್ಯಾಗಿನಲ್ಲಿ ಮೂರು ಕೆಜಿ ಉಳಿಯುತ್ತದೆ. ಆ ಜಾಗಕ್ಕೆ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಹಿಡಿಸುತ್ತದೆ. ವಿಮಾನ ಇಳಿದು ಕಾರು ಹತ್ತುವವರೆಗೆ ಬೇಕಾದ ಕೋಟನ್ನು ಮಕ್ಕಳೇ ಏರ್‌ಪೋರ್ಟಿಗೆ ತರಲಿ. ಅವರಿಗೆ ಭುಜ, ಎದೆ, ತೋಳು, ಉದ್ದ ನಾಲ್ಕನ್ನೂ ಮೊದಲೇ ಕಳಿಸಿ. ಸ್ವೆಟರ್ ಹಾಕಿ ತೆಗೆದ ಅಳತೆ ಎಂದು ಅದರಲ್ಲೇ ಬರೆದಿರಿ, ಇಲ್ಲದಿದ್ದರೆ ಅವರು ಅದಕ್ಕೆ ಇನ್ನೂ ಎರಡು ಇಂಚು ಸೇರಿಸಿಬಿಡುತ್ತಾರೆ.